ಬಾವಿಗಿಳಿಯುವ ತಿಪ್ಪಕ್ಕ

ತಿಪ್ಪಕ್ಕ ನೀರಿನೊಳಗಿಂದ ಬರುವಾಗ ಮೊದಲು ಕಾಣುತ್ತಿದ್ದುದು ಅವಳ ಬಲಗೈ. ಮುಷ್ಟಿ ಕಟ್ಟಿದ ಆ ಕೈ ಮೇಲೆ ಬಂದು ಅತ್ತಿತ್ತ ಆಡಿ, ಏನೂ ಅಡ್ಡ ಇಲ್ಲವೆಂದು ಖಾತ್ರಿಯಾದ ಮೇಲೆಯೇ ತಲೆ ಬರುತ್ತಿತ್ತು. ತಲೆಯ ಹಿಂದೆಯೇ ಬೈಗುಳ. ಯಾರೋ ತಳದಲ್ಲಿ ರಾಡಿ ಎಬ್ಬಿಸಿರುತ್ತಿದ್ದರು, ಇಲ್ಲವೇ ಯಾರದೋ ಕಾಲು ಅವಳ ಮುಖಕ್ಕೆ ತಾಗಿರುತ್ತಿತ್ತು.

ಮಕ್ಕಳೇ, ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ನಾನು ಮದುವೆಯಾಗಿ ಚಿಗಟೇರಿ ಹತ್ತಿರದ ಆ ಹಳ್ಳಿಗೆ ಬಂದೆ. ನಿಮ್ಮ ಅಜ್ಜನ ಮನೆಯ ಹೊಲದಲ್ಲಿ ಕಲ್ಲು ಕಟ್ಟಿದ ದೊಡ್ಡ ಬಾವಿಯಿತ್ತು. ಒಂದು ಕಡೆ ನೀರಿನ ತನಕ ಇಳಿಯುವ ಮೆಟ್ಟಿಲು. ಎದುರಿಗೆ ಹಿಂದೆ ಎತ್ತು ಹೂಡಿ ನೀರೆತ್ತುತ್ತಿದ್ದ ಎತ್ತರದ ಕಟ್ಟೆ. ಬೇಸಿಗೆಯಲ್ಲಿ ಮುಂಜಾನೆ ಗಂಡಸರು ಈಜಲು ಬರುತ್ತಿದ್ದರು. ಮಧ್ಯಾಹ್ನ ಊಟದ ಮೇಲೆ ಬಾವಿ ಹೆಂಗಸರದು. ಆಗ ಮೆಟ್ಟಿಲ ತಲೆಗಿದ್ದ ಬೇವಿನ ಮರಕ್ಕೆ ಕೆಂಪು ಸೀರೆಯ ತುಂಡು ಕಟ್ಟುತ್ತಿದ್ದೆವು. ಅದು ಕಂಡರೆ ಗಂಡಸರು ಹಾದಿಯಿಂದಲೇ ಹಿಂದಿರುಗಬೇಕು.

ತಿಪ್ಪಕ್ಕ ನಮ್ಮ ಮನೆಯಿಂದ ಮೂರನೆಯ ಮನೆಯವಳು. ನಲವತ್ತು ವರ್ಷ ಇದ್ದಾವು. ಗಂಡ ಸಣ್ಣ ವಯಸ್ಸಿನಲ್ಲೇ ಹೋಗಿದ್ದ, ಮಕ್ಕಳಿರಲಿಲ್ಲ, ಶೇಂಗಾ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದಳು. ಅವಳ ಅಪ್ಪ ಬಾವಿ ತೋಡುವವನು. ತೋಡಿದ ಬಾವಿಯಲ್ಲೆಲ್ಲ ಮಗಳಿಗೆ ಈಜು ಕಲಿಸಿದ್ದನಂತೆ. ದಿನವಿಡೀ ಬಿಸಿಲಿನಲ್ಲಿ ಬಗ್ಗಿ ದುಡಿದ ಆ ಹೆಂಗಸಿಗೆ ಇದ್ದ ಸುಖ ಅದೊಂದೇ. ಆದ್ದರಿಂದಲೇ ಅದನ್ನು ಕೆಡಿಸುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ.

ಕೆಡಿಸುವವರು ಕಡಿಮೆಯಿರಲಿಲ್ಲ. ತಲೆತುಂಬ ಎಣ್ಣೆ ಹಚ್ಚಿಕೊಂಡು ಇಳಿಯುವವರು, ನೀರಿನಲ್ಲಿ ಎಲೆಅಡಿಕೆ ಉಗುಳುವವರು, ಕೆಳಗಿನಿಂದ ಬಂದು ಕಾಲು ಜಗ್ಗಿ ಹೆದರಿಸಿ ನಗುವವರು, ಅರೆಗಳಿಗೆ ಮುಳುಗಿ ಎದ್ದು ಮೂರಾಳು ಆಳ ಹೋಗಿದ್ದೆ ಎನ್ನುವವರು. ಎಲ್ಲಕ್ಕಿಂತ ಹೆಚ್ಚು ಅವಳಿಗೆ ಸಿಟ್ಟು ಬರುತ್ತಿದ್ದುದು ಮಣ್ಣು ತೋರಿಸುವವರ ಮೇಲೆ. ತಳ ಮುಟ್ಟಿದ್ದಕ್ಕೆ ಗುರುತೆಂದು ಹಿಡಿ ಕೆಸರು ತಂದು ಎತ್ತಿ ಹಿಡಿಯುವುದು ನಮ್ಮಲ್ಲಿ ದೊಡ್ಡಸ್ತಿಕೆ. ಒಮ್ಮೆ ನಮ್ಮ ನೆಂಟರ ಹೆಂಗಸೊಬ್ಬಳು ಹಾಗೆ ತಂದಾಗ ತಿಪ್ಪಕ್ಕ ಎಲ್ಲರನ್ನೂ ನೀರಿನಿಂದ ಹೊರಗೆ ಕರೆದು ಮೆಟ್ಟಿಲ ಮೇಲೆ ಕೂರಿಸಿದಳು.

"ನೀ ತಳ ಮುಟ್ಟಿದ್ದಕ್ಕ ಸಾಕ್ಷಿ ಯಾರು ಕೇಳಿದ್ರವ್ವ? ಕೆಳಗ ಇದ್ದೋರಿಗೆ ಅವರ ಕೈನ ಅವರಿಗೆ ಕಾಣದಂಗ ಮಾಡಿದಿ. ಈಗ ಎಲ್ಲಾರೂ ನಿನ್ನ ಮಣ್ಣು ನೋಡ್ಕೊಂತ ಕುಂದರ್ರಿ."

ನೀರು ತಿಳಿಯಾಗುವ ತನಕ ಯಾರನ್ನೂ ಇಳಿಯಲು ಬಿಡಲಿಲ್ಲ. ಆ ನೆಂಟರಾಕೆ ನಮ್ಮ ಮನೆಯಲ್ಲಿ ಎರಡು ಹೊತ್ತು ಊಟ ಬಿಟ್ಟಳು.

ಯಾರು ಮುಳುಗಿದರೂ ಒಣ ಮೆಟ್ಟಿಲ ಮೇಲೆ ಒಬ್ಬರು ಕುಳಿತಿರಬೇಕೆಂಬುದು ಅವಳ ಕಟ್ಟುನಿಟ್ಟು. ಒಳಗಿದ್ದವರು ಮೇಲೆ ಬರುವ ತನಕ ಮತ್ತೊಬ್ಬರು ಹಾರದಂತೆ ಕೂಗಿ ತಡೆಯುವುದು ಆ ಕುಳಿತವರ ಕೆಲಸ. ನನಗೆ ಈಜು ಬಾರದ ಕಾರಣ ಆ ಕೆಲಸ ನನಗೇ ಬಿತ್ತು. ನನ್ನ ದನಿ ಏಳುತ್ತಿರಲಿಲ್ಲ. ಒಂದು ದಿನ ಅವಳು ನಡುನೀರಿನಲ್ಲಿ ನಿಂತು ಕೂಗಿಸಿ ನೋಡಿದಳು. ನಾನು "ಅಕ್ಕಾ" ಎಂದೆ.

"ಗುಬ್ಬಿ ಸೀನಿದಂಗಾತು," ಎಂದಳು. ಎಲ್ಲರೂ ನಕ್ಕರು. "ಇರ್ಲಿ ಬಿಡವ್ವ, ದಿನಾ ಒಂದೀಟು ಜೋರು ಮಾಡ್ಕೊಂತ ಹೋಗು."

ಗಂಡನ ಮನೆಯಲ್ಲಿ ಯಾರೂ ನನಗೆ ಜೋರಾಗಿ ಮಾತಾಡು ಎಂದವರಲ್ಲ. ಗಂಡನ ಅಣ್ಣನೆದುರು ಸೊಸೆಯ ದನಿ ಕೇಳಿಸಬಾರದೆಂಬುದು ನಮ್ಮ ಅತ್ತೆಯ ನೇಮ. ಭಾವನವರೂ ಅಷ್ಟೇ, ನಾನು ಎದುರಾದರೆ ಮರ್ಯಾದೆಗೆ ಮುಖ ಆಚೆ ತಿರುಗಿಸುತ್ತಿದ್ದರು.

ಮರುವರ್ಷ ಬೇಸಿಗೆಯಲ್ಲಿ, ಒಂದು ಮಧ್ಯಾಹ್ನ, ನೀರು ತುಂಬುವಾಗ ನನ್ನ ಕೈಯಿಂದ ತಾಮ್ರದ ಕೊಡ ಜಾರಿ ಬಾವಿಯ ಪಾಲಾಯಿತು. ಅತ್ತೆಯ ತವರಿನ ಕೊಡ ಅದು. ಅಳುತ್ತ ತಿಪ್ಪಕ್ಕನ ಮನೆಗೆ ಹೋದೆ. ಅವಳು ಊಟಕ್ಕೆ ಕುಳಿತಿದ್ದಳು. ರೊಟ್ಟಿ ಅರ್ಧಕ್ಕೆ ಬಿಟ್ಟು ಬಂದಳು. ನಾನು ಮರಕ್ಕೆ ಕೆಂಪು ಬಟ್ಟೆ ಕಟ್ಟಿ ಮೆಟ್ಟಿಲ ಮೇಲೆ ಕುಳಿತೆ. ಮೊದಲನೆಯ ಸಲ ಮುಳುಗಿ ಕೊಡ ಎಲ್ಲಿದೆಯೆಂದು ನೋಡಿ ಬಂದಳು. ಎರಡನೆಯ ಸಲ ತರಲು ಹೋದಳು.

ಆಗ ಎದುರಿನ ಕಟ್ಟೆಯ ಹಿಂದೆ ನಗು ಕೇಳಿಸಿತು. ಭಾವನವರು ದಾವಣಗೆರೆಯಿಂದ ಬಂದ ಗೆಳೆಯರಿಗೆ ಬಾವಿ ತೋರಿಸಲು ಹೊಲದ ಕಡೆಯಿಂದ ಬಂದಿದ್ದರು. ಹೆಂಗಸರ ಹೊತ್ತು ಇನ್ನೂ ಆಗಿರಲಿಲ್ಲ, ಕಟ್ಟೆ ಅಡ್ಡವಾಗಿ ಆ ಕಡೆಯಿಂದ ಮರದ ಕೆಂಪು ಬಟ್ಟೆಯೂ ಕಾಣುವುದಿಲ್ಲ. ಆ ಕಟ್ಟೆಯಿಂದ ಓಡಿ ಬಂದು ಹಾರುವುದರಲ್ಲಿ ಅವರದು ದೊಡ್ಡ ಹೆಸರು. ಓಡುತ್ತಲೇ ಬಂದವರು ಮೆಟ್ಟಿಲ ಮೇಲೆ ನನ್ನನ್ನು ಕಂಡು, ರೂಢಿಯಂತೆ ಮುಖ ಆಚೆ ತಿರುಗಿಸಿದರು.

ಕೂಗಲು ಅಷ್ಟು ಹೊತ್ತು ಸಾಕಿತ್ತು. ಒಳಗ ಅದಾಳ ಎಂದಿದ್ದರೆ ಸಾಕಿತ್ತು. ನನ್ನ ಕೈ ಸೆರಗಿಗೆ ಹೋಯಿತು. ತಲೆಯ ಮೇಲೆ ಎಳೆದುಕೊಳ್ಳುವಷ್ಟರಲ್ಲಿ ಅವರು ಹಾರಿದ್ದರು.

ತಿಪ್ಪಕ್ಕ ಅದೇ ಹೊತ್ತಿಗೆ ಮೇಲೆ ಬರುತ್ತಿದ್ದಳು. ಕೊಡವನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡಿದ್ದಳು, ಅಂದು ಕೈ ಮೊದಲು ಬರಲಿಲ್ಲ. ಭಾವನವರ ಕಾಲು ಅವಳ ಕುತ್ತಿಗೆಯ ಮೇಲೆ ಬಿತ್ತು.

ಅವರೇ ಅವಳನ್ನು ಹೊತ್ತು ಮೆಟ್ಟಿಲು ಹತ್ತಿ ಬಂದರು. ಗಾಡಿ ಕಟ್ಟಿ ಹರಪನಹಳ್ಳಿಗೆ ಒಯ್ದರು, ಅಲ್ಲಿಂದ ಮುಂದಕ್ಕೂ ಒಯ್ದರು. ಜೀವ ಉಳಿಯಿತು. ಕುತ್ತಿಗೆಯಿಂದ ಕೆಳಗೆ ಏನೂ ಆಡಲಿಲ್ಲ.

ಮನೆಗೆ ಮರಳಿ ತಂದ ಮೇಲೆ ಊರಿನವರು ನೋಡಲು ಬಂದಾಗ ಭಾವನವರು ಅವಳ ಬಾಗಿಲ ಹೊರಗೆ ಕುಳಿತು ಅಳುತ್ತಿದ್ದರು. "ಒಳಗ ಅದಾಳ ಅಂತ ಒಬ್ರರ ಒಂದ್ಮಾತು ಅಂದಿದ್ರ," ಎಂದು ಅತ್ತೆಯ ಹತ್ತಿರ ಹೇಳಿದರು. ನಾನು ಅತ್ತೆಯ ಹಿಂದೆಯೇ ನಿಂತಿದ್ದೆ. ಒಳಗಿನಿಂದ ತಿಪ್ಪಕ್ಕನ ದನಿ ಬಂತು.

"ತಪ್ಪು ನಂದ ರೀ ಗೌಡ್ರೆ. ಎರಡೂ ಕೈಯಾಗ ಕೊಡ ಹಿಡಕೊಂಡು ಬಂದೆ. ಮಂದಿಗೆ ಹೇಳಾಕಿ ನಾನ ಹಂಗ ಮಾಡಿದೆ."

ಅವಳು ನನ್ನ ಹೆಸರು ಎತ್ತಲಿಲ್ಲ. ಅಂದೂ ಎತ್ತಲಿಲ್ಲ, ಆಮೇಲೂ ಇಲ್ಲ. ಕೊಡವನ್ನು ಪೆಟ್ಟು ಬಿದ್ದ ದಿನವೇ ಯಾರೋ ಮುಳುಗಿ ತೆಗೆದಿದ್ದರು. ಅತ್ತೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಮರುದಿನ ನೀರು ತುಂಬಿಟ್ಟರು. ಮನೆಮಂದಿಯೆಲ್ಲ ಅದರ ನೀರನ್ನೇ ಕುಡಿದೆವು.

ಮೂರು ತಿಂಗಳು ನಾನೂ ಓಣಿಯ ಹೆಂಗಸರೂ ಸರದಿಯ ಮೇಲೆ ಅವಳನ್ನು ನೋಡಿಕೊಂಡೆವು. ನಾನು ಗಂಜಿ ಕುಡಿಸುವಾಗ ಅವಳು ಶೇಂಗಾ ಬೆಳೆಯ ಸುದ್ದಿ, ಮಳೆಯ ಸುದ್ದಿ ಕೇಳುತ್ತಿದ್ದಳು. ಬಾವಿಯ ಸುದ್ದಿ ಕೇಳುತ್ತಿರಲಿಲ್ಲ. ಕೂಗಲಿಲ್ಲವೆಂದು ಹೇಳಿಬಿಡಬೇಕೆಂದು ದಿನಾ ಬಾಯಿ ತೆರೆಯುತ್ತಿದ್ದೆ. ಮತ್ತೆ ಚಮಚವನ್ನೇ ಅವಳ ಬಾಯಿಗಿಡುತ್ತಿದ್ದೆ.

ಕೊನೆಗೆ ಕೊಟ್ಟೂರಿನಿಂದ ಅವಳ ತಮ್ಮ ಬಂದು, ಕರೆದೊಯ್ಯುತ್ತೇನೆಂದ. ಭಾವನವರೇ ಗಾಡಿಯಲ್ಲಿ ಹಾಸಿಗೆ ಹಾಸಿ ಬಸ್ಸಿನ ರಸ್ತೆಯ ತನಕ ತಂದರು. ನಾನು ನೀರಿನ ಚೊಂಬು ಹಿಡಿದು ಜೊತೆಗೆ ಬಂದಿದ್ದೆ. ಬಸ್ಸು ದೂರದಲ್ಲಿ ಕಂಡಿತು. ಹಾಸಿಗೆಯ ಆ ಕಡೆಗೆ ಭಾವನವರು, ಈ ಕಡೆಗೆ ನಾನು. ತಿಪ್ಪಕ್ಕ ಕಣ್ಣು ಹೊರಳಿಸಿ ನನ್ನನ್ನು ನೋಡಿದಳು.

"ಏನವ್ವ, ಹೋಗಿ ಬಾ ಅನ್ನಂಗಿಲ್ಲೇನು?"

ಎದುರಿಗೆ ಭಾವನವರಿದ್ದರು. ನಾನು ಸೆರಗು ತಲೆಯ ಮೇಲೆ ಎಳೆದುಕೊಂಡೆ. ಅವಳು ತಮ್ಮನ ಕಡೆ ನೋಡಿ, ಎತ್ತು ಅಂದಳು. ಬಸ್ಸಿನ ಧೂಳು ಅಡಗಿದ ಮೇಲೆ ಭಾವನವರು ಗಾಡಿ ತಿರುಗಿಸಿದರು, ನಾನು ಅದರ ಹಿಂದೆ ನಡೆದು ಮನೆಗೆ ಬಂದೆ. ಸುಗ್ಗಿಗಿಂತ ಮೊದಲೇ, ಅವಳು ತೀರಿಹೋದಳೆಂದು ಕೊಟ್ಟೂರಿನಿಂದ ಸುದ್ದಿ ಬಂತು.