ಅಂಗಿ ಬಿಚ್ಚಿಸುವ ಹನುಮಂತಯ್ಯ

ಹನುಮಂತಯ್ಯನವರು ಸಿಟಿ ಬಸ್ಸಿನಲ್ಲಿ ಇಪ್ಪತ್ತೆಂಟು ವರ್ಷ ಟಿಕೆಟ್ ಚೆಕ್ ಮಾಡಿ ರಿಟೈರಾದವರು. ಕೆಲಸ ಬಿಟ್ಟರೂ ಅನುಮಾನ ಬಿಡಲಿಲ್ಲ. ರಾಜಾಜಿನಗರದ ನಮ್ಮ ಬೀದಿಗೆ ಹಾಲಿನವನು ತಡವಾಗಿ ಬಂದರೆ ದಾರಿಯಲ್ಲಿ ನೀರು ಬೆರೆಸುತ್ತಿದ್ದ ಎನ್ನುತ್ತಿದ್ದರು. ಬೇಗ ಬಂದರೆ ಮನೆಯಲ್ಲೇ ಬೆರೆಸಿಕೊಂಡು ಬಂದಿದ್ದಾನೆ ಎನ್ನುತ್ತಿದ್ದರು. ಇಂಥವರನ್ನು ಹುಡುಕಿ ಹುಡುಕಿ, 1974ರಲ್ಲಿ ನಮ್ಮ ಈಶ್ವರನ ಗುಡಿಯ ಕಮಿಟಿ ಒಳಬಾಗಿಲಿಗೆ ನಿಲ್ಲಿಸಿತು. ಆ ಕಮಿಟಿಯಲ್ಲಿ ನಾನೂ ಇದ್ದೆ.

ಅದು ಬೆಲ್‌ಬಾಟಂ ಕಾಲ. ಗುಡಿಯ ನೆಲ ಗುಡಿಸುವಷ್ಟು ಅಗಲದ ಪ್ಯಾಂಟಿನ ಹುಡುಗರು, ಮ್ಯಾಕ್ಸಿ ತೊಟ್ಟ ಹುಡುಗಿಯರು, ಲುಂಗಿ ಮೇಲೆತ್ತಿ ಕಟ್ಟಿಕೊಂಡು ಸಂತೆಗೆ ಬಂದಂತೆ ಬರುವ ಗಂಡಸರು. ಅದಕ್ಕೇ ಕಮಿಟಿ ಬೋರ್ಡು ಬರೆಸಿತ್ತು: ಒಳಬಾಗಿಲು ದಾಟುವ ಗಂಡಸರು ಪಂಚೆ ಉಟ್ಟಿರಬೇಕು, ಅಂಗಿ ಬನಿಯನ್ ಬಿಚ್ಚಬೇಕು. ಹೆಂಗಸರಿಗೆ ಸೀರೆ, ಹುಡುಗಿಯರಿಗೆ ಲಂಗ ದಾವಣಿ. ಪ್ಯಾಂಟಿನವರಿಗೆಂದು ನಾಲ್ಕು ಪಂಚೆ ಗೂಟದಲ್ಲಿ ತೂಗುತ್ತಿದ್ದವು.

ಅಷ್ಟಕ್ಕೇ ನಂಬುವ ಜೀವವೇ ಅದು? "ಪಂಚೆ ಒಳಗೆ ಪ್ಯಾಂಟ್ ಮಡಚ್ಕೊಂಡಿದೀಯಾ? ಎಲ್ಲಿ, ಕಾಲು ತೋರ್ಸು" ಎಂದು ಹನುಮಂತಯ್ಯ ಬಗ್ಗಿ ನೋಡುತ್ತಿದ್ದರು. ಹತ್ತರಲ್ಲಿ ಇಬ್ಬರು ಸಿಕ್ಕಿಬೀಳುತ್ತಿದ್ದರು. ಆ ಇಬ್ಬರಿಂದಾಗಿ ಉಳಿದ ಎಂಟು ಮಂದಿಯೂ ಅವರ ಕಣ್ಣಿಗೆ ಕಳ್ಳರೇ.

ಅವರ ಕೈಗೆ ಸಿಗದವರೆಂದರೆ ಪಕ್ಕದ ಕ್ರಾಸಿನ ಗಂಗಾಧರಯ್ಯ ಒಬ್ಬರೇ. ಹೆಂಡತಿ ತೀರಿಕೊಂಡಿದ್ದರು, ಮನೆಯಲ್ಲಿ ಮಗಳು ಕಮಲಾಕ್ಷಿ ಮಾತ್ರ. ಪ್ರತಿ ಸೋಮವಾರ ಒಗೆದ ಪಂಚೆ, ಕತ್ತಿನವರೆಗೆ ಗುಂಡಿ ಹಾಕಿದ ತುಂಬುತೋಳಿನ ಅಂಗಿ ತೊಟ್ಟು ಬರುತ್ತಿದ್ದರು. ಒಳಬಾಗಿಲ ಈಚೆಗೇ ನಿಂತು ಕೈಮುಗಿದು ಹೋಗುತ್ತಿದ್ದರು. ಅಂಗಿ ಬಿಚ್ಚಿ ಒಳಗೆ ಬನ್ನಿ ಎಂದರೆ, "ಇಲ್ಲೇ ಸಾಕು ಸಾರ್" ಎನ್ನುತ್ತಿದ್ದರು.

"ಆಸಾಮಿ ಏನೋ ಮುಚ್ಚಿಡ್ತಾ ಇದಾನೆ. ಜೈಲಲ್ಲಿ ಹೊಡೆದ ಗುರುತೋ, ಹೇಳ್ಕೊಂಡಿರೋ ಜಾತಿನೇ ಬೇರೆನೋ" ಎಂದು ಹನುಮಂತಯ್ಯ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ನಾನು ನಕ್ಕೆ. ಆದರೆ ಮುಂದಿನ ಸೋಮವಾರ ನನ್ನ ಕಣ್ಣೂ ಆ ಅಂಗಿಯ ಮೇಲೇ ಹೋಯಿತು. ಅನುಮಾನ ಅಂಥ ರೋಗ.

ಒಂದು ಭಾನುವಾರ ಸಂಜೆ ಗಂಗಾಧರಯ್ಯ ತಾವಾಗಿಯೇ ಬಂದರು. ಹನುಮಂತಯ್ಯನವರ ಜೊತೆ ನಾನೂ ಗುಡಿಯ ಜಗಲಿಯ ಮೇಲಿದ್ದೆ.

"ನಾಳೆ ತುಮಕೂರಿಂದ ಗಂಡಿನ ಕಡೆಯವರು ಬರ್ತಾ ಇದಾರೆ ಸಾರ್. ಕಮಲಾಕ್ಷಿನ ಒಪ್ಕೊಂಡಿದಾರೆ. ಈಶ್ವರನ ಮುಂದೆ ಎಲೆ ಅಡಿಕೆ ಬದಲಾಯಿಸ್ಕೊಂಡು ಮಾತು ಮುಗಿಸೋಣ ಅಂತಾರೆ. ನಾನು ಒಳಗೆ ಹೋಗ್ಲೇಬೇಕು. ನಾಳೆ ಒಂದಿನ ಅಂಗಿ ಹಾಕ್ಕೊಂಡೇ ಹೋಗ್ಲಾ?"

"ಯಾಕೆ? ಅಂಗಿ ಒಳಗೇನಿದೆ?" ಹನುಮಂತಯ್ಯ ಕೇಳಿದರು.

"ಹೇಳೋ ಅಂಥದ್ದಲ್ಲ ಸಾರ್. ನನ್ನ ಮಗಳ ಮದುವೆ ಇದು. ಕೈ ಮುಗೀತೀನಿ."

"ರೂಲ್ಸ್ ಅಂದ್ರೆ ಎಲ್ರಿಗೂ ರೂಲ್ಸೇ" ಎಂದರು ಹನುಮಂತಯ್ಯ. ಆತ ಹೋದ ಮೇಲೆ ನನ್ನ ಕಡೆ ತಿರುಗಿ, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ಪಾಪ, ಗಂಡಿನ ಕಡೆಯವರು ಮೋಸ ಹೋಗ್ತಾರಲ್ರೀ" ಎಂದರು.

ಮರುದಿನ ಬೆಳಿಗ್ಗೆ ಎಲ್ಲರೂ ಬಂದರು. ಹುಡುಗ, ಅವನ ಅಪ್ಪ, ತಾಯಿ ಶಿವಗಂಗಮ್ಮ, ಹಸಿರು ಸೀರೆಯಲ್ಲಿ ಕಮಲಾಕ್ಷಿ. ಗಂಡಸರು ಅಂಗಿ ಬಿಚ್ಚಿ ಒಳಗೆ ಹೋದರು. ತಾಂಬೂಲದ ತಟ್ಟೆ ಹಿಡಿದ ಗಂಗಾಧರಯ್ಯನವರಿಗೆ ಹನುಮಂತಯ್ಯ ಕೈ ಅಡ್ಡ ಹಿಡಿದರು.

"ಅಂಗಿ."

"ಸಾರ್, ನಿನ್ನೆ ಕೇಳ್ಕೊಂಡಿದ್ನಲ್ಲ..."

"ಏನೂ ಇಲ್ದಿದ್ರೆ ಬಿಚ್ಚೋಕೇನ್ರೀ ಭಯ?" ಒಳಗಿದ್ದವರಿಗೂ ಕೇಳಿಸುವಷ್ಟು ಗಟ್ಟಿಯಾಗಿತ್ತು ದನಿ. ಶಿವಗಂಗಮ್ಮ ತಿರುಗಿ ನೋಡಿದರು.

ನಾನು ಕಮಿಟಿಯವನು. ಇವತ್ತೊಂದು ದಿನ ಬಿಡಿ ಎಂದು ನಾನೊಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಒಳಗೇನಿದೆ ಎಂದು ನನಗೂ ನೋಡಬೇಕಿತ್ತು. ಇದನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ.

ಗಂಗಾಧರಯ್ಯ ತಟ್ಟೆಯನ್ನು ಮಗಳ ಕೈಗೆ ಕೊಟ್ಟು ಒಂದೊಂದೇ ಗುಂಡಿ ಬಿಚ್ಚಿದರು. ಎದೆ, ಬೆನ್ನು, ತೋಳುಗಳ ಮೇಲೆಲ್ಲ ತೊನ್ನು. ಅಂಗೈ ಅಗಲದ ಬಿಳಿ ಮಚ್ಚೆಗಳು. ಅಷ್ಟೇ. ಅಂಟುವ ರೋಗವಲ್ಲ, ಮಾಡಿದ ಪಾಪವೂ ಅಲ್ಲ. ಆದರೆ ಹೆಣ್ಣು ಹೆತ್ತವನ ಮೈಮೇಲೆ ಅದಿದೆ ಎಂದರೆ ಆ ಕಾಲದಲ್ಲಿ ಯಾರು ಸಂಬಂಧ ಬೆಳೆಸುತ್ತಿದ್ದರು?

ಶಿವಗಂಗಮ್ಮ ಗಂಡನನ್ನು ನೋಡಿದರು. ಆತ ಅರ್ಚಕರಿಗೆ ಏನೋ ಹೇಳಿ ಅಂಗಿ ಹಾಕಿಕೊಂಡರು. ಹುಡುಗ ಒಂದು ಸಲ ಕಮಲಾಕ್ಷಿಯ ಕಡೆ ನೋಡಿ ಅಮ್ಮನ ಹಿಂದೆ ನಡೆದ. ಪ್ರಸಾದಕ್ಕೂ ಅವರು ನಿಲ್ಲಲಿಲ್ಲ.

"ನಂಗೇನ್ರೀ ಗೊತ್ತಿತ್ತು?" ಎಂದು ಹನುಮಂತಯ್ಯ ವಾರವಿಡೀ ಸಿಕ್ಕಸಿಕ್ಕವರನ್ನು ಕೇಳಿದರು.

ಮುಂದಿನ ಸೋಮವಾರ ಗಂಗಾಧರಯ್ಯ ಬಂದರು. ಮನೆಯಿಂದಲೇ ಬರಿಮೈಯಲ್ಲಿ, ಹಾಡಹಗಲಲ್ಲಿ, ಎರಡು ಬೀದಿ ದಾಟಿಕೊಂಡು. ಹನುಮಂತಯ್ಯ ಸ್ಟೂಲಿನಿಂದ ಎದ್ದರು.

"ಹಾಕ್ಕೊಂಡೇ ಬನ್ನಿ ಸಾರ್. ನಿಮಗೆ ಯಾರೂ ಏನೂ ಅನ್ನಲ್ಲ" ಎಂದರು.

"ಮಗಳಿಗೋಸ್ಕರ ಹಾಕ್ಕೋತಿದ್ದೆ ಸಾರ್. ಊರಿಗೆಲ್ಲ ಗೊತ್ತಾದ ಮೇಲೆ ಇನ್ನು ಯಾರಿಗೋಸ್ಕರ?"

ಇಷ್ಟು ಹೇಳಿ ಅವರು ಮೊದಲ ಸಲ ತಾವಾಗಿಯೇ ಒಳಬಾಗಿಲು ದಾಟಿದರು. ಅರ್ಚನೆ ಯಾರ ಹೆಸರಿಗೆ ಎಂದು ಅರ್ಚಕರು ಕೇಳಿದರು. "ಕಮಲಾಕ್ಷಿ" ಎಂದರು.