ದೋಣಿಯಜ್ಜ ದಡ ಸೇರಿದ ಸಂಜೆ

ನಮ್ಮಕ್ಕ ದರ್ಜಿ. ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಅಳಿಸಿ, ಮತ್ತೆ ಎಳೆದು, ಕತ್ತರಿ ಎತ್ತಿದಳೆಂದರೆ ಉಸಿರು ಬಿಗಿಹಿಡಿಯುತ್ತಾಳೆ. "ಕತ್ತರಿ ಹಾಕಿದ್ಮೇಲೆ ಮುಗೀತು ಕಣೇ" ಎಂಬುದು ಪಕ್ಕದಲ್ಲಿ ಕೂತು ಕಾಜಾ ಹೊಲಿಯುವ ನನಗೆ ದಿನಾ ಆಗುವ ಉಪದೇಶ. ಇಂಥವಳು ಆನ್‌ಲೈನ್ ಆಟದ ಹುಚ್ಚಿಗೆ ಬಿದ್ದದ್ದೇ ಒಂದು ತಮಾಷೆ. ಗಿರಾಕಿಗಳಿಲ್ಲದ ಮಧ್ಯಾಹ್ನ ಹೊಲಿಗೆ ಯಂತ್ರಕ್ಕೆ ಫೋನು ಒರಗಿಸಿಕೊಂಡು, ಕತ್ತಿ ಹಿಡಿದು ಕಾಡು ಸುತ್ತುತ್ತಿದ್ದಳು.

ಆ ಆಟದಲ್ಲಿ ಒಬ್ಬ ದೋಣಿಯಜ್ಜ. ಹೊಳೆ ದಾಟಲು ಹೊರಡುತ್ತಾನೆ. ಯಾರಾದರೂ "ಸಹಾಯ ಮಾಡುವೆ" ಎಂಬ ಬಟನ್ ಒತ್ತಿದರೆ ಸಾಕು, ದೋಣಿ ಮುಳುಗತೊಡಗುತ್ತದೆ. ಅಜ್ಜನನ್ನು ಉಳಿಸುವೆಯೋ, ಅವನ ಚಿನ್ನದ ಪೆಟ್ಟಿಗೆಯನ್ನೋ? ಅಕ್ಕ ಇಸ್ತ್ರಿಪೆಟ್ಟಿಗೆ ಆರುವಷ್ಟು ಹೊತ್ತು ಯೋಚಿಸಿ ಅಜ್ಜನನ್ನು ಈಚೆ ದಡಕ್ಕೇ ಎಳೆದು ಉಳಿಸಿದಳು. ಅವನು ಕೈಮುಗಿದ. ಅಕ್ಕ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಇನ್ನೊಬ್ಬ ಆಟಗಾರ ಬಂದು ಬಟನ್ ಒತ್ತಿದ. ಅದೇ ಅಜ್ಜ ಅದೇ ನೀರಿನಲ್ಲಿ ಮುಳುಗಿದ. ಆತ ಪೆಟ್ಟಿಗೆ ಎತ್ತಿಕೊಂಡ. ಇಬ್ಬರಿಗೂ ಸಿಕ್ಕಿದ್ದು ಒಂದೇ ಥರದ ಬೆಳ್ಳಿ ಗುರಾಣಿ!

ಅಕ್ಕ ಕೆಂಡವಾದಳು. "ಯಾವುದು ಆರಿಸಿದ್ರೂ ಇಷ್ಟೇನಾ? ಮತ್ಯಾಕೆ ಕೇಳ್ಬೇಕಿತ್ತು?"

"ಎಲ್ಲರೂ ಆಡ್ಬೇಕಲ್ಲ ಅಕ್ಕ. ಅಜ್ಜನ್ನ ನೀನೊಬ್ಳೇ ಉಳಿಸ್ಕೊಂಡ್ರೆ ಮಿಕ್ಕವ್ರ ಗತಿ?" ಎಂದೆ.

"ಹಾಗಾದ್ರೆ ಎಲ್ಲರೂ ಸೇರಿ ಉಳಿಸೋಣ. ಅವನು ಒಂದ್ಸಲ ಆಚೆ ದಡ ಸೇರೋದನ್ನ ನಾನು ನೋಡ್ಲೇಬೇಕು."

ದೋಣಿಯೋ ಬಲು ನಿಧಾನ. ಅದು ದಾಟುವುದರೊಳಗೆ ಯಾರಾದರೊಬ್ಬರು ಬಟನ್ ಒತ್ತಿಯೇ ಒತ್ತುತ್ತಿದ್ದರು. ಅಕ್ಕ ಪಟ್ಟು ಬಿಡುವವಳಲ್ಲ. ಆಟದಲ್ಲಿನ ತನ್ನ ತಂಡದವರನ್ನು ಗೋಗರೆದು ಹೊಳೆಯ ದಡದಲ್ಲಿ ನಿಲ್ಲಿಸಿದಳು. ಬಂದಬಂದವರಿಗೆಲ್ಲ ಒಂದೇ ಮಾತು: "ಒತ್ತಬೇಡಿ, ಅಜ್ಜ ದಾಟ್ಲಿ." ಕೆಲವರು ನಕ್ಕರು, ಕೆಲವರು ಬೈದರು, ಕುತೂಹಲಕ್ಕೆ ನಿಂತವರೇ ಹೆಚ್ಚು. ಭಾನುವಾರ ಸಂಜೆಯ ಹೊತ್ತಿಗೆ ದಡದಲ್ಲಿ ಕಾಲಿಡಲು ಜಾಗವಿಲ್ಲ.

ಅಜ್ಜ ಹುಟ್ಟು ಹಾಕಿದ. ದೋಣಿ ನಡುನೀರಿಗೆ ಬಂದಾಗ ಕೆಂಪು ಮುಖವಾಡದವನೊಬ್ಬ ನುಗ್ಗಿ ಬಂದ. "ನಂಗೆ ಗುರಾಣಿ ಬೇಕು. ದಾರಿ ಬಿಡಿ."

ಆ ಗುರಾಣಿ ಒಬ್ಬರಿಗೆ ಒಂದೇ ಸಲ ಸಿಗುವುದು, ಕೊಟ್ಟರೆ ಹೋಯಿತು. ಅಕ್ಕ ಕತ್ತರಿ ಎತ್ತಿದವಳಂತೆ ಉಸಿರು ಬಿಗಿಹಿಡಿದಳು.

"ನಂದೇ ತಗೋಳಪ್ಪ. ಅವನನ್ನ ಮಾತ್ರ ಮುಳುಗಿಸ್ಬೇಡ."

ಪುಣ್ಯಾತ್ಮ, ಸಂಕೋಚವೇ ಇಲ್ಲದೆ ತೆಗೆದುಕೊಂಡ. ಆದರೆ ಹೊರಡಲಿಲ್ಲ, ಅವನೂ ನಮ್ಮ ಜೊತೆ ನೋಡುತ್ತ ನಿಂತ.

ದೋಣಿ ಆಚೆ ದಡ ಮುಟ್ಟಿತು. ಅಲ್ಲಿ ಕಾಣುತ್ತಿದ್ದ ಪುಟ್ಟ ಮನೆಯನ್ನು ನಾವೆಲ್ಲ ಬರೀ ಅಲಂಕಾರಕ್ಕೆ ಬಿಡಿಸಿದ್ದು ಅಂದುಕೊಂಡಿದ್ದೆವು. ಅಜ್ಜ ದೋಣಿ ಕಟ್ಟಿ ಕದ ತಟ್ಟಿದ. ಕದ ತೆರೆಯಿತು! ಅಜ್ಜಿಯೊಬ್ಬಳು ದೀಪ ಹಿಡಿದು ಬಂದು, "ಅಂತೂ ಬಂದ್ರಾ" ಎಂದಳು. ಯಾರೋ ಕೂತು ಬರೆದಿಟ್ಟಿದ್ದ ಆ ಮಾತನ್ನು ಅಲ್ಲಿಯವರೆಗೆ ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.

ಫೋನಿನೊಳಗೆ ಕೇಕೆಯೋ ಕೇಕೆ. ಅಕ್ಕ ಅಂಗಡಿಯಲ್ಲೇ ಕುಣಿದಳು, ನನಗಂತೂ ಖುಷಿಗೆ ಅಳುವೇ ಬಂತು. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ.

"ನಾಳೆ ಯಾರೋ ಒತ್ತುತ್ತಾರೆ, ಮತ್ತೆ ಮುಳುಗ್ತಾನೆ."

"ಮುಳುಗ್ಲಿ ಬಿಡೇ," ಎಂದಳು ಅಕ್ಕ. "ಇವತ್ತು ಮನೆಗೆ ಬಂದ್ನಲ್ಲ, ಅದನ್ನ ಯಾರೂ ಅಳಿಸೋಕಾಗಲ್ಲ."