ರೊಜಾರಿಯೊನ ಕೊಟ್ಟಿಗೆಯ ಕಸ್ಟಡಿ ಎತ್ತು

ಪಾಳಾ ಊರಿನ ಹೊರಗೆ ಕಾಡಂಚಿನಲ್ಲಿ ಸಿದ್ದಿಯರ ನಾಲ್ಕು ಮನೆಗಳಿದ್ದವು. ಕೊನೆಯದು ರೊಜಾರಿಯೊನದು. ಎರಡೆಕರೆ ಭತ್ತದ ಹೊಲ, ಒಂದು ಜೋಡಿ ಎತ್ತು, ಹೆಂಡತಿ ಮಾರ್ಗರೀಟಾ. ದನ ಸಾಕಿದರೆ ರೊಜಾರಿಯೊ ಸಾಕಬೇಕು ಎಂದು ಸುತ್ತಲಿನವರು ಹೇಳುತ್ತಿದ್ದರು. ಎಪ್ಪತ್ತೆಂಟರ ಬೇಸಿಗೆಯಲ್ಲಿ ಆ ಒಳ್ಳೆಯ ಹೆಸರೇ ಅವನ ಕುತ್ತಿಗೆಗೆ ಬಂತು.

ಒಂದು ಮಧ್ಯಾಹ್ನ ಪೊಲೀಸ ಗೂಳಪ್ಪ ಸೈಕಲ್ ತಳ್ಳಿಕೊಂಡು ಬಂದ. ಇನ್ನೊಂದು ಕೈಯಲ್ಲಿ ಕಂದು ಎತ್ತಿನ ಹಗ್ಗ.

"ರೊಜಾರಿಯೊ, ಇದು ಕೇಸಿನ ಎತ್ತು. ಇಂದೂರ ಹಳ್ಳಿ ದುರ್ಗಪ್ಪ ನಂದು ಅಂತಾನ, ಮಳಗಿ ಹಳ್ಳಿ ಅಂದಾನೆಪ್ಪನೂ ನಂದು ಅಂತಾನ. ಒಬ್ಬಾಂವ ಇದು ನೊಗದ ಎಡಕ್ಕ ಪಳಗಿದ್ದು ಅಂತ ಬರಸ್ಯಾನ, ಇನ್ನೊಬ್ಬಾಂವ ಬಲಕ್ಕ ಅಂತ. ಠಾಣೆದಾಗ ಕಟ್ಟಾಕ ಜಾಗ ಇಲ್ಲ. ಕೋರ್ಟಿನ್ಯಾಗ ತೀರ್ಮಾನ ಆಗೂಮಟಾ ನಿನ್ನ ಕಸ್ಟಡಿ."

"ಕಸ್ಟಡಿ ಅಂದ್ರ ಏನ್ರಿ ಸಾಹೇಬ್ರ?"

"ನಿನ್ನ ತಾಬಾದಾಗ ಇರತೈತಿ. ಮೇವು, ನೀರು ನಿಂದು. ಮಾರೂ ಹಂಗಿಲ್ಲ, ದುಡಿಸೂ ಹಂಗಿಲ್ಲ."

"ಎಷ್ಟ ದಿನಾ?"

"ಭಾಳಂದ್ರ ಎಂಟ ದಿನಾ. ಹೆಬ್ಬಟ್ಟ ಒತ್ತು."

ರೊಜಾರಿಯೊ ಒತ್ತಿದ.

ಎಂಟು ದಿನ ಎರಡು ತಿಂಗಳಾಯಿತು. ಕಂದು ಎತ್ತು ತಿಂದು ತಿಂದು ಮಿರಮಿರ ಮಿಂಚಿತು. ಹುಲ್ಲಿನ ಬಣವೆ ಮಾತ್ರ ಸೊಂಟದವರೆಗೆ ಇಳಿಯಿತು. ಅಷ್ಟರಲ್ಲಿ ರೊಜಾರಿಯೊನ ಸ್ವಂತ ಜೋಡಿಯಲ್ಲಿ ಎಡಗಡೆಯ ಎತ್ತು ಹಾವು ಕಚ್ಚಿ ಸತ್ತಿತು. ಉಳಿದದ್ದು ಬಲಗಡೆಯದು. ಪಕ್ಕದ ಮನೆಯ ಕಾಶೆವ್ವ ತವರಿಗೆ ಹೊರಟವಳು ತನ್ನ ಕೋಳಿಗಳನ್ನು ಇವರ ಅಂಗಳಕ್ಕೆ ಓಡಿಸಿದಳು.

"ಅಣ್ಣಾ, ನಾ ಬರೂಮಟಾ ಇವೂ ನಿನ್ನ ಕಸ್ಟಡಿ! ಕೊಯ್ಯೂ ಹಂಗಿಲ್ಲ ಮತ್ತ!"

ಊರೆಲ್ಲ ನಕ್ಕಿತು. ರೊಜಾರಿಯೊ ನಗಲಿಲ್ಲ.

ಮೊದಲ ಮಳೆ ಬಿದ್ದ ಮರುದಿನ ಅವನು ಠಾಣೆಗೆ ನಡೆದ. ಅಲ್ಲಿ ಕೇಸು ಬರೆಯುವ ಮಹಾಂತಪ್ಪ ತಲೆ ಎತ್ತದೆ ಕೇಳಿಸಿಕೊಂಡ.

"ಸಾಹೇಬ್ರ, ಆರೋಪಿನ್ನ ಕಸ್ಟಡಿಗೆ ತಗೋತೀರಲ್ಲ, ಅವಂಗ ಊಟ ಯಾರ ಹಾಕ್ತಾರ್ರಿ?"

"ಸರ್ಕಾರ."

"ಎತ್ತಿಗೆ?"

"ನೀ."

"ಯಾಕ್ರಿ?"

"ಆರೋಪಿ ಕಸ್ಟಡಿ ಬ್ಯಾರೆ, ಮಾಲಿನ ಕಸ್ಟಡಿ ಬ್ಯಾರೆ. ಹೆಬ್ಬಟ್ಟ ನಿಂದೈತಲ್ಲ?"

"ಬಿತ್ತೂ ಹೊತ್ತು ಬಂತ್ರಿ. ನಂದೊಂದ ಎತ್ತೈತಿ. ಇದನ್ನ ಒಂದೆರಡ ದಿನಾ ಹೂಡಲೇನ್ರಿ?"

"ಹೂಡಿದ್ರ ನೀನ ಆರೋಪಿ ಆಗ್ತಿ."

ರೊಜಾರಿಯೊ ತಿರುಗಿ ಬಂದ. ಊರಲ್ಲಿ ಎತ್ತು ಕೇಳಿ ನೋಡಿದ. ಎಲ್ಲರ ಎತ್ತುಗಳೂ ಅವರವರ ಹೊಲದಲ್ಲಿದ್ದವು. ಮನೆಗೆ ಬಂದರೆ ಮಾರ್ಗರೀಟಾ ಬೀಜದ ಭತ್ತದ ಚೀಲದ ಮೇಲೆ ಕೈಯಿಟ್ಟು ಕೂತಿದ್ದಳು.

"ಇನ್ನ ನಾಕ ದಿನಾ ಬಿಟ್ರ ಹೊಲಾ ಕೆಸರಾಗತೈತಿ, ಕೂರಿಗೆ ನಡ್ಯಾಂಗಿಲ್ಲ. ಮುಂದ ವರ್ಷಾಪೂರ್ತಿ ಏನ ಉಣ್ಣೂಣು? ಕಸ್ಟಡಿ ಉಣ್ಣೂಣೇನು?"

ಮರುದಿನ ಬೆಳಿಗ್ಗೆ ಅವನು ಕಂದು ಎತ್ತನ್ನು ಬಿಚ್ಚಿದ. ತನ್ನದು ಬಲಗಡೆಯದಾದ್ದರಿಂದ ಇದನ್ನು ಎಡಕ್ಕೆ ಹೂಡಿದ. ಎತ್ತು ತಾನಾಗಿ ಕುತ್ತಿಗೆ ಬಗ್ಗಿಸಿತು. ನೂಲು ಹಿಡಿದಂತೆ ಸಾಲು ಬಂತು. ಮಾರ್ಗರೀಟಾ ಹಿಂದೆ ಬೀಜ ಬಿಡುತ್ತ ನಡೆದಳು.

ಅರ್ಧ ಹೊಲ ಆಗಿತ್ತು. ಬದುವಿನ ಮೇಲೆ ಸೈಕಲ್ ಬೆಲ್ಲು ಕೇಳಿತು.

"ಏ ರೊಜಾರಿಯೊ! ಏನ ಮಾಡಾಕತ್ತಿಯೋ! ನನ್ನ ನೌಕರಿ ತಗೀತಿಯೇನು?" ಗೂಳಪ್ಪ ಟೊಪ್ಪಿಗೆ ಕೈಯಲ್ಲಿ ಹಿಡಿದು ಓಡಿ ಬಂದ. ಬಂದವನು ಸಾಲು ನೋಡಿ ನಿಂತ. "ತಡೀ. ಇದನ್ನ ಎಡಕ್ಕ ಹೂಡಿದೆಲ್ಲ?"

"ಹೌದ್ರಿ."

"ಬಲಕ್ಕ ಹೂಡು ನೋಡೂಣು."

ರೊಜಾರಿಯೊ ಅದಲುಬದಲು ಮಾಡಿ ಕಟ್ಟಿದ. ಕಂದು ಎತ್ತು ಅಡ್ಡ ತಿರುಗಿತು, ಜೊತೆಯದನ್ನು ನೂಕಿತು, ನೊಗವನ್ನು ವಾರೆ ಮಾಡಿ ನಿಂತುಬಿಟ್ಟಿತು.

ಗೂಳಪ್ಪ ತೊಡೆ ತಟ್ಟಿದ. "ಎಡಕ್ಕ ಪಳಗಿದ್ದು ಅಂದಾಂವ ದುರ್ಗಪ್ಪ! ಕೇಸ ಮುಗೀತಲ್ಲೋ!"

"ಹಂಗಾರ ಬರೀರಿ. ಇವತ್ತ ಒಯ್ಯಲಿ."

ಗೂಳಪ್ಪ ಪುಸ್ತಕ ತೆಗೆದ. ಪೆನ್ನಿನ ಮುಚ್ಚಳ ಬಿಚ್ಚಿದ. ಅವನ ಮುಖ ಇಳಿಯಿತು.

"ಹೆಂಗ ಗೊತ್ತಾತು ಅಂತ ಕೇಳಿದ್ರ?"

"ನಾ ಹೂಡಿದ್ನಿ ಅಂತ ಬರೀರಿ. ಸುಳ್ಳಲ್ಲಲ್ಲ?"

"ಅದನ್ನ ಬರದ್ರ ನಿನ್ನ ಒಳಗ ಹಾಕಬೇಕೋ ಮಾರಾಯ!"

"ಹಾಕ್ರಿ. ಊಟ ಸರ್ಕಾರದ್ದು. ಈ ಎರಡು ಎತ್ತು ನಿಮ್ಮ ಕಸ್ಟಡಿ. ಹುಲ್ಲ ಅಲ್ಲೈತಿ, ಬಾವಿ ಇಲ್ಲೈತಿ."

ಗೂಳಪ್ಪ ಬದುವಿನ ಮೇಲೆ ಕುಸಿದು ಕೂತ. ಬಣವೆ ನೋಡಿದ, ಎತ್ತು ನೋಡಿದ. ಪುಸ್ತಕವನ್ನು ಮೆಲ್ಲಗೆ ಚೀಲಕ್ಕೆ ಸೇರಿಸಿದ.

"ಇನ್ನ ಎಷ್ಟ ಉಳದೈತಿ?"

"ಒಂದೆಕರೆ."

"ನಾ ಇವತ್ತ ಈ ಕಡೆ ಬಂದಿಲ್ಲ. ನಾಳೆನೂ ಬರೂದಿಲ್ಲ. ತಂಗೀ, ಒಂದ ತಂಬಿಗಿ ನೀರ ಕೊಡವಾ."

ಹೊಲ ಬಿತ್ತನೆಯಾಯಿತು. ಕೇಸು ಮುಗಿಯಲಿಲ್ಲ. ಆ ಎತ್ತು ಇನ್ನೂ ಹದಿನಾಲ್ಕು ತಿಂಗಳು ಅಲ್ಲೇ ಮೇಯಿತು. ಮುಂದಿನ ಬಿತ್ತನೆಗೂ ಗೂಳಪ್ಪ ಎರಡು ದಿನ ಆ ಕಡೆ ಬರಲಿಲ್ಲ. ಕೊನೆಗೆ ಯಾವುದೋ ದನದ ಸಂತೆಯ ಹಳೆಯ ಖರೀದಿ ಚೀಟಿ ಸಿಕ್ಕು, ಎತ್ತು ದುರ್ಗಪ್ಪನದೇ ಎಂದಾಯಿತು.

ಒಯ್ಯಲು ಬಂದ ದುರ್ಗಪ್ಪ ಅದರ ಹೆಗಲ ಮೇಲೆ ಕೈಯಾಡಿಸಿದ. ನೊಗ ತಿಕ್ಕಿದ ಗುರುತು ಇನ್ನೂ ಮಾಸಿರಲಿಲ್ಲ.

"ಹೂಡೀ ಏನೋ?"

"ಹೂಡೇನ್ರಿ."

"ಎಡಕ್ಕ?"

"ಎಡಕ್ಕ."

"ಹಂಗಾರ ಏನಿಲ್ಲ ಬಿಡು. ಬಲಕ್ಕ ಹೂಡಿದ್ರ ಎತ್ತು ಕೆಡತಿತ್ತು."

ದುರ್ಗಪ್ಪ ಎತ್ತು ಹೊಡೆದುಕೊಂಡು ಅಂಗಳ ದಾಟಿದ. ರೊಜಾರಿಯೊ ಹಿಂದಿನಿಂದ ಕೂಗಿದ.

"ಯಜಮಾನ್ರ, ಕೇಸಿನ ಹಗ್ಗಾ ಹರದ ವರ್ಷಾತು, ಈ ಹಗ್ಗಾ ನಂದ್ರಿ. ಅದೇನ ಕಸ್ಟಡಿದಲ್ಲ. ಬಿಚ್ಚಿ ಇಟ್ಟ ಹೋಗ್ರಿ."